ಬಿಟ್ಟು ಹೋದವರನ್ನು ಕೇಳದ ವರದಿಗಳು

ಸಾಲ ವಾಪಸ್ ಬಂತು ಎಂದ ಮಾತ್ರಕ್ಕೆ ಸಾಲದಿಂದ ಒಳ್ಳೆಯದಾಯಿತು ಎಂದಾಗುವುದಿಲ್ಲ. ಇಷ್ಟು ಸರಳವಾದ ಮಾತನ್ನು ಇಂದಿಗೂ ಬಿಡಿಸಿ ಹೇಳಬೇಕಾಗಿ ಬಂದಿರುವುದು ನಾಚಿಕೆಯ ಸಂಗತಿ. ಮೈಕ್ರೋಫೈನಾನ್ಸ್ ಸಂಸ್ಥೆಗಳು ತಮ್ಮ ಸಾಮಾಜಿಕ ಸಾಧನೆಯ ಬಗ್ಗೆ ಅಚ್ಚು ಹಾಕಿಸುವ ಪುಸ್ತಿಕೆಗಳಲ್ಲಿ ಮರುಪಾವತಿಯ ಪ್ರಮಾಣವನ್ನು ದಪ್ಪ ಅಕ್ಷರದಲ್ಲಿ ಹಾಕುತ್ತವೆ. ಕಂತು ಕಟ್ಟುತ್ತಿದ್ದಾರೆ, ಆದ್ದರಿಂದ ಸುಖವಾಗಿದ್ದಾರೆ ಎಂಬುದು ಅಲ್ಲಿನ ತರ್ಕ. ಹೆಣ್ಣುಮಗಳೊಬ್ಬಳು ಅಂಗಡಿಯ ಲಾಭದಿಂದ ಕಂತು ಕಟ್ಟಬಹುದು. ಕಿವಿಯ ಓಲೆ ಗಿರವಿ ಇಟ್ಟು ಕಟ್ಟಬಹುದು. ಇನ್ನೊಂದು ಸಂಘದಲ್ಲಿ ಸಾಲ ಎತ್ತಿ ಕಟ್ಟಬಹುದು. ಮಕ್ಕಳಿಗೆ ಹಾಲು ನಿಲ್ಲಿಸಿ, ಅದನ್ನೂ ಡೇರಿಗೆ ಹಾಕಿ ಕಟ್ಟಬಹುದು. ವಸೂಲಿ ಪುಸ್ತಕದಲ್ಲಿ ಈ ನಾಲ್ಕೂ ಒಂದೇ ಸಾಲಿನ ಲೆಕ್ಕ. ಈ ನಾಲ್ಕರ ನಡುವಿನ ವ್ಯತ್ಯಾಸ ಹುಡುಕುವುದೇ ಪರಿಣಾಮ ಮೌಲ್ಯಮಾಪನದ ಕೆಲಸ. ಆ ಕೆಲಸವನ್ನು ನಾವು ಬಹುಮಟ್ಟಿಗೆ ಮಾಡುತ್ತಿಲ್ಲ. ಮಾಡಿದಂತೆ ತೋರಿಸಿಕೊಳ್ಳುತ್ತಿದ್ದೇವೆ.

ಎಚ್ಚರಿಕೆಗಳು ಬರದೆ ಇರಲಿಲ್ಲ. 2006ರಲ್ಲಿ ಆಂಧ್ರದ ಕೃಷ್ಣಾ ಜಿಲ್ಲೆಯ ಆಡಳಿತ ಮೈಕ್ರೋಫೈನಾನ್ಸ್ ಸಂಸ್ಥೆಗಳ ಹತ್ತಾರು ಶಾಖೆಗಳಿಗೆ ಬೀಗ ಹಾಕಿಸಿತು. 2009ರಲ್ಲಿ ನಮ್ಮದೇ ಕೋಲಾರದಲ್ಲಿ, ರೇಷ್ಮೆ ಕಸುಬು ನೆಲಕಚ್ಚಿದ್ದ ಹೊತ್ತಿನಲ್ಲಿ, ಒಂದೇ ಮನೆಯ ಮೇಲೆ ಹಲವು ಸಾಲ ಹೇರಿದ್ದರ ಫಲವಾಗಿ ಜನ ಒಟ್ಟಾಗಿ ಕಂತು ನಿಲ್ಲಿಸಿದರು. 2010ರ ಅಕ್ಟೋಬರ್‌ನಲ್ಲಿ, ಸಾಲಗಾರರ ಆತ್ಮಹತ್ಯೆಗಳ ಸುದ್ದಿಯ ಬೆನ್ನಿಗೆ ಆಂಧ್ರ ಸರ್ಕಾರ ಈ ಸಂಸ್ಥೆಗಳಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ತಂದಿತು. ಅಲ್ಲಿಯವರೆಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮರುಪಾವತಿ ಕೆಲವೇ ವಾರಗಳಲ್ಲಿ ಕುಸಿದುಬಿತ್ತು. ಮೈಕ್ರೋಫೈನಾನ್ಸ್ ಪರಿಶೀಲನೆಗೆ ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೇಗಾಂ ಸಮಿತಿ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಅದಾಗಿ ಹದಿನಾಲ್ಕು ವರ್ಷಕ್ಕೆ, 2025ರ ಜನವರಿಯಲ್ಲಿ, ಚಾಮರಾಜನಗರ, ಮೈಸೂರು ಭಾಗದಲ್ಲಿ ಮನೆಗೆ ಬೀಗ ಜಡಿದು ರಾತ್ರೋರಾತ್ರಿ ಊರು ಬಿಟ್ಟ ಕುಟುಂಬಗಳ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೂ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು.

ಪ್ರತಿ ಸಲವೂ ವಿಷಯ ಮೊದಲು ಗೊತ್ತಾದದ್ದು ಪೊಲೀಸ್ ಠಾಣೆಯಲ್ಲಿ, ಜಿಲ್ಲಾಧಿಕಾರಿ ಕಚೇರಿಯ ಮುಂದಿನ ಧರಣಿಯಲ್ಲಿ, ಪತ್ರಿಕೆಯಲ್ಲಿ. ಸಾಲಗಾರರ ಬದುಕನ್ನು ಅಳೆಯುವುದಕ್ಕೆಂದೇ ಹಣ ಪಡೆದವರ ವರದಿಯಲ್ಲಿ ಏಕೆ ಗೊತ್ತಾಗಲಿಲ್ಲ? ಅಳತೆಗೋಲನ್ನೇ ಹಾಗೆ ಕೊರೆದಿದ್ದರಿಂದ. ಕೆಟ್ಟ ಉತ್ತರ ಬರಲು ದಾರಿಯನ್ನೇ ಬಿಡದೆ ಕಟ್ಟಿದ ಪರೀಕ್ಷೆಗೆ ಪರೀಕ್ಷೆ ಎಂಬ ಹೆಸರು ಸಲ್ಲದು.

ಇಂಥ ಸಮೀಕ್ಷೆಗಳು ಸಾಮಾನ್ಯವಾಗಿ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿ. ಬೆಳಿಗ್ಗೆ ಏಳೂವರೆ. ಊರಿನ ಮಾರಿಗುಡಿ ಜಗಲಿಯ ಮೇಲೆ ವಾರದ ಮೀಟಿಂಗು. ಹತ್ತು ಹದಿನೈದು ಹೆಂಗಸರು ಸಾಲಾಗಿ ಕುಳಿತಿದ್ದಾರೆ. ಒಬ್ಬಳ ಮಡಿಲಲ್ಲಿ ಮಗು, ಇನ್ನೊಬ್ಬಳ ಗಮನವೆಲ್ಲ ಕೂಲಿಗೆ ಹೊರಡುವ ಆಟೋದ ಕಡೆಗೆ. ಫೀಲ್ಡ್ ಆಫೀಸರ್ ಹಣ ಎಣಿಸಿ, ಟ್ಯಾಬ್‌ನಲ್ಲಿ ಒತ್ತಿ, ಪಾಸ್‌ಪುಸ್ತಕಕ್ಕೆ ಸಹಿ ಹಾಕುತ್ತಾನೆ. ಒಬ್ಬಾಕೆಗೆ ಇನ್ನೂರು ರೂಪಾಯಿ ಕಡಿಮೆ ಬಿದ್ದಿದೆ. ಪಕ್ಕದವಳು ಸೆರಗಿನ ಗಂಟು ಬಿಚ್ಚಿ ಕೊಡುತ್ತಾಳೆ. ಆಮೇಲೆ ಫೀಲ್ಡ್ ಆಫೀಸರ್ ಹೇಳುತ್ತಾನೆ: "ಇವ್ರು ಹೆಡ್ ಆಫೀಸಿಂದ ಬಂದವ್ರೆ. ಏನೋ ಕೇಳ್ತಾರಂತೆ, ಹೇಳಿ." ಆ ಹೊಸ ಹುಡುಗ ಅದೇ ಜಗಲಿಯ ಮೇಲೆ, ಅದೇ ಫೀಲ್ಡ್ ಆಫೀಸರ್ ಪಕ್ಕದಲ್ಲಿ ಕುಳಿತು ಕೇಳುತ್ತಾನೆ: "ಅಕ್ಕಾ, ಸಾಲ ತಗೊಂಡ ಮೇಲೆ ಮನೆ ಪರಿಸ್ಥಿತಿ ಹೆಂಗೈತೆ? ತುಂಬಾ ಸುಧಾರಿಸಿದೆಯಾ, ಸ್ವಲ್ಪ ಸುಧಾರಿಸಿದೆಯಾ, ಹಾಗೇ ಇದೆಯಾ?"

ಆಕೆ ಏನು ಹೇಳಬೇಕು? ಮುಂದಿನ ತಿಂಗಳು ಅವಳ ಹೊಸ ಸಾಲದ ಅರ್ಜಿ ಹೋಗಬೇಕು. ಅದಕ್ಕೆ ಶಿಫಾರಸು ಮಾಡುವವನು ಎದುರಿಗೇ ಇದ್ದಾನೆ. ಕಂತು ತಪ್ಪಿದರೆ ತುಂಬಿಕೊಡಬೇಕಾದ ಗುಂಪಿನವರು ಎಡಬಲಕ್ಕಿದ್ದಾರೆ. "ಚೆನ್ನಾಗೈತೆ ಸಾರ್" ಎನ್ನುತ್ತಾಳೆ. ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ಕೊಟ್ಟ ಆಯ್ಕೆಗಳಲ್ಲಿ 'ಕೆಟ್ಟಿದೆ' ಎಂಬುದು ಇರಲೇ ಇಲ್ಲ, ಗಮನಿಸಿ. ಸೆರಗಿನ ಗಂಟಿನಿಂದ ಬಂದ ಇನ್ನೂರು ರೂಪಾಯಿಗೆ ಆ ನಮೂನೆಯಲ್ಲಿ ಕಾಲಂ ಇಲ್ಲ. ಹೀಗೆ ಕೂಡಿಸಿದ ನೂರಾರು 'ಚೆನ್ನಾಗೈತೆ'ಗಳು ಬಣ್ಣದ ಕಾಗದದ ಮೇಲೆ 'ಫಲಾನುಭವಿಗಳಲ್ಲಿ ಬಹುಪಾಲು ಮಂದಿಯ ಜೀವನಮಟ್ಟ ಸುಧಾರಿಸಿದೆ' ಎಂದಾಗಿ ಹೊರಬರುತ್ತವೆ. ಹಣ ಹೂಡಿದವರು ಅದನ್ನು ಓದಿ ನೆಮ್ಮದಿಯಿಂದ ಸಹಿ ಹಾಕುತ್ತಾರೆ.

ಸಮೀಕ್ಷೆಗೆ ಬಂದ ಹುಡುಗನನ್ನು ನಾನು ದೂರುವುದಿಲ್ಲ. ಅವನಿಗೆ ದಿನಕ್ಕಿಷ್ಟು ನಮೂನೆ ತುಂಬಿಸಬೇಕೆಂಬ ಗುರಿ ಕೊಟ್ಟಿರುತ್ತಾರೆ. ನನ್ನ ಮಾತು ಆ ನಮೂನೆ ಬರೆದವರಿಗೆ, ಆ ಜಗಲಿಯನ್ನು ಆರಿಸಿದವರಿಗೆ, ಯಾರನ್ನು ಕೇಳಬೇಕೆಂಬ ಪಟ್ಟಿಯನ್ನು ಒಪ್ಪಿದವರಿಗೆ. ನೀವು ಓದಿದವರು. ಸಂಖ್ಯಾಶಾಸ್ತ್ರ ಬಲ್ಲವರು. ವಸೂಲಿಗಾರನ ಎದುರು ಸಾಲಗಾರ್ತಿ ನಿಜ ಹೇಳುವುದಿಲ್ಲ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮಾಡುವುದಕ್ಕೆ ಅಚಾತುರ್ಯ ಎಂಬ ಹೆಸರು ಹೊಂದುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಪಟ್ಟಿಯಲ್ಲಿದೆ. ಸಮೀಕ್ಷೆಗೆ ಹೆಸರು ಆರಿಸುವುದು ಇಂದು ಸದಸ್ಯರಾಗಿ ಉಳಿದವರ ಪಟ್ಟಿಯಿಂದ. ಲೆಕ್ಕಕ್ಕೆಂದು ಹೀಗೆ ಅಂದುಕೊಳ್ಳಿ: ಮೂರು ವರ್ಷದ ಹಿಂದೆ ನೂರು ಹೆಂಗಸರು ಸೇರಿದ್ದರು. ಇವತ್ತು ಅರವತ್ತು ಮಂದಿ ಉಳಿದಿದ್ದಾರೆ. ಹೋದ ನಲವತ್ತರಲ್ಲಿ ಇಪ್ಪತ್ತೈದು ಮಂದಿ ಕಂತಿನ ಹೊರೆ ತಾಳಲಾರದೆ ಹೋದವರು. ಉಳಿದ ಅರವತ್ತರಲ್ಲಿ ನಲವತ್ತೈದು ಮಂದಿ ಸುಧಾರಿಸಿದ್ದೇವೆ ಎನ್ನುತ್ತಾರೆ. ನಿಮ್ಮ ವರದಿ ಶೇ 75 ಯಶಸ್ಸು ಎಂದು ಬರೆಯುತ್ತದೆ. ಸೇರಿದ ನೂರು ಮಂದಿಯನ್ನೂ ಹುಡುಕಿ ಕೇಳಿದ್ದರೆ ನಲವತ್ತೈದು ಮಂದಿಗೆ ಅನುಕೂಲ, ಕನಿಷ್ಠ ಇಪ್ಪತ್ತೈದು ಮಂದಿಗೆ ಹಾನಿ ಎಂದು ಬರೆಯಬೇಕಾಗುತ್ತಿತ್ತು. ಒಂದೇ ಊರು, ಒಂದೇ ಸಾಲ, ಎರಡು ಬೇರೆ ಸತ್ಯ. ಸೋತವರನ್ನು ಪಟ್ಟಿಯಿಂದ ಕಳಚಿದಷ್ಟೂ ಸಂಸ್ಥೆಯ ಅಂಕ ಏರುತ್ತ ಹೋಗುತ್ತದೆ. ಹೆಚ್ಚು ಜನರನ್ನು ಹೊರದಬ್ಬಿದ ಸಂಸ್ಥೆಯೇ ಹೆಚ್ಚು ಒಳ್ಳೆಯದೆಂದು ಕಾಣುವ ಈ ಅಳತೆಯನ್ನು ಯಾವ ಮನಸ್ಸಾಕ್ಷಿಯಿಂದ ಮುಂದುವರಿಸುತ್ತೀರಿ?

ಹಳೆಯ ಸದಸ್ಯರನ್ನು ಹೊಸದಾಗಿ ಸೇರಿದವರ ಜೊತೆ ಹೋಲಿಸುವ ಪದ್ಧತಿಯೂ ಇದೆ. ಅಗ್ಗ, ಸುಲಭ, ಎರಡೂ ಪಟ್ಟಿ ಶಾಖೆಯಲ್ಲೇ ಸಿಗುತ್ತವೆ. ಅಮೆರಿಕದ ಅಂತರರಾಷ್ಟ್ರೀಯ ನೆರವು ಸಂಸ್ಥೆಯ ಬೆಂಬಲದಲ್ಲಿ ರೂಪುಗೊಂಡ ಸಲಕರಣೆಗಳ ಮೂಲಕ ಇದು 1990ರ ದಶಕದ ಕೊನೆಯಲ್ಲಿ ಜಗತ್ತಿನಾದ್ಯಂತ ಹರಡಿತು. ಇದರ ದೋಷವನ್ನು ಅರ್ಥಶಾಸ್ತ್ರಜ್ಞ ಡೀನ್ ಕಾರ್ಲನ್ 2001ರಲ್ಲೇ ಬಿಡಿಸಿ ಬರೆದರು. ಹೊಸಬರ ಗುಂಪಿನಲ್ಲಿ ಮುಂದೆ ಸೋತು ಹೋಗುವವರೂ ಇದ್ದಾರೆ. ಹಳಬರ ಗುಂಪಿನಲ್ಲಿ ಅಂಥವರು ಆಗಲೇ ಉದುರಿಹೋಗಿದ್ದಾರೆ. ಮೊದಲೇ ಸೇರುವ ಧೈರ್ಯ ಮಾಡಿದವರಿಗೂ ವರ್ಷಗಟ್ಟಲೆ ಕಾದು ನೋಡಿ ಸೇರಿದವರಿಗೂ ಮೂಲದಲ್ಲೇ ವ್ಯತ್ಯಾಸವಿರುತ್ತದೆ. ಇದಕ್ಕೂ ಮೊದಲು, 1999ರಲ್ಲಿ, ಬ್ರೆಟ್ ಕೋಲ್‌ಮನ್ ಈಶಾನ್ಯ ಥಾಯ್ಲೆಂಡಿನ ಹಳ್ಳಿ ಬ್ಯಾಂಕುಗಳ ಅಧ್ಯಯನ ಪ್ರಕಟಿಸಿದ್ದರು. ಇನ್ನೂ ಬ್ಯಾಂಕು ತೆರೆಯದ ಊರುಗಳಲ್ಲಿ ಸದಸ್ಯರಾಗಲು ಆಗಲೇ ಹೆಸರು ಕೊಟ್ಟಿದ್ದವರ ಜೊತೆ ಅವರು ಹೋಲಿಸಿದರು. ಹಾಗೆ ಹೋಲಿಸಿದಾಗ ಸಾಲದ ಪರಿಣಾಮ ತೀರಾ ಸಣ್ಣದಾಗಿ ಕಂಡಿತು. ಸಾಧಾರಣ ರೀತಿಯಲ್ಲಿ ಹೋಲಿಸಿದ್ದರೆ ಅದೇ ಸಾಲ ದೊಡ್ಡ ಉಪಕಾರದಂತೆ ಕಾಣುತ್ತಿತ್ತು. ಈ ಪಾಠಕ್ಕೆ ಕಾಲು ಶತಮಾನ ಕಳೆದಿದೆ. ಇಂದಿಗೂ ಶಾಖೆಯ ಎರಡು ಪಟ್ಟಿ ಹಿಡಿದು ಹೋಲಿಸುತ್ತ ಕೂರುವುದು ಬರೀ ಮೈಗಳ್ಳತನ.

ಇನ್ನೊಂದು ಅಭ್ಯಾಸ 'ಮೊದಲು–ಆಮೇಲೆ'. ಸಾಲಕ್ಕೆ ಮೊದಲು ಆದಾಯ ಎಷ್ಟಿತ್ತು, ಈಗ ಎಷ್ಟು ಎಂದು ಕೇಳಿ, ಏರಿದ್ದೆಲ್ಲ ಸಾಲದ ಪುಣ್ಯ ಎಂದು ಬರೆದುಕೊಳ್ಳುವುದು. ಕರ್ನಾಟಕದ ಉದಾಹರಣೆಯನ್ನೇ ತೆಗೆದುಕೊಳ್ಳಿ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ ₹2,000 ಎಂದಾಯಿತು. 2022ರಲ್ಲಿ ಸಾಲ ಪಡೆದ ಹೆಣ್ಣುಮಗಳನ್ನು 2024ರಲ್ಲಿ ಕೇಳಿದರೆ ಮನೆಗೆ ಬರುವ ಹಣ ಹೆಚ್ಚಿದೆ ಎಂದೇ ಹೇಳುತ್ತಾಳೆ. ಆ ಹೆಚ್ಚಳದಲ್ಲಿ ಸಾಲದ ಪಾಲೆಷ್ಟು, ಗೃಹಲಕ್ಷ್ಮಿಯ ಪಾಲೆಷ್ಟು, ಬಸ್ ಚಾರ್ಜು ಉಳಿದದ್ದೆಷ್ಟು, ಕೂಲಿ ದರ ಏರಿದ್ದೆಷ್ಟು? ಸಾಲ ಪಡೆಯದ, ಉಳಿದೆಲ್ಲದರಲ್ಲೂ ಅವಳಂಥದೇ ಇನ್ನೊಂದು ಮನೆಯನ್ನು ನೋಡದೆ ಇದನ್ನು ಹೇಳಲು ಬರುವುದಿಲ್ಲ. ಸರ್ಕಾರದ ಹಣದಿಂದ ಬಂದ ನೆಮ್ಮದಿಯನ್ನು ಬಡ್ಡಿ ವಸೂಲು ಮಾಡುವ ಸಂಸ್ಥೆ ತನ್ನ ಸಾಧನೆ ಎಂದು ಬರೆದುಕೊಳ್ಳುವುದು ಲೆಕ್ಕದ ತಪ್ಪೂ ಹೌದು, ನೀತಿಯ ತಪ್ಪೂ ಹೌದು. ಆ ₹2,000 ನೇರವಾಗಿ ಕಂತಿಗೆ ಹೋಗುತ್ತಿದೆಯೇ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಅದನ್ನು ಕೇಳದ ಸಮೀಕ್ಷೆಗೆ ಈ ರಾಜ್ಯದ ಮನೆಗಳ ಪರಿಚಯವಿಲ್ಲ ಎಂದೇ ಹೇಳಬೇಕು.

ಸರಿಯಾಗಿ ಅಳೆಯುವುದು ಆಗದ ಮಾತು ಎನ್ನುವವರು ಹೈದರಾಬಾದಿನತ್ತ ನೋಡಲಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ, ರೇಚಲ್ ಗ್ಲೆನರ್‌ಸ್ಟರ್, ಸಿಂಥಿಯಾ ಕಿನ್ನನ್ ಅಲ್ಲಿನ 104 ಬಡಾವಣೆಗಳನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಆರಿಸಿದ 52 ಬಡಾವಣೆಗಳಲ್ಲಿ ಸ್ಪಂದನಾ ಎಂಬ ಮೈಕ್ರೋಫೈನಾನ್ಸ್ ಸಂಸ್ಥೆ ಮೊದಲು ಶಾಖೆ ತೆರೆಯಿತು. ಉಳಿದ 52 ಕಾಯಬೇಕಾಯಿತು. ಸಾಲ ಪಡೆದವರನ್ನಷ್ಟೇ ಕೇಳದೆ, ಎರಡೂ ಕಡೆಯ ಬಡಾವಣೆಗಳಲ್ಲಿ ಸಾಲ ಪಡೆಯಬಹುದಾದ ಮನೆಗಳನ್ನೆಲ್ಲ ಗಣನೆಗೆ ತಂದುಕೊಂಡು ಕೇಳಿದರು. ಶಾಖೆ ಬಂದ ಕಡೆಯೂ ಮೈಕ್ರೋಫೈನಾನ್ಸ್ ಸಾಲ ಪಡೆದ ಮನೆಗಳು ಸುಮಾರು ಶೇ 27 ಮಾತ್ರ. ಬರದ ಕಡೆ ಬೇರೆ ಸಂಸ್ಥೆಗಳಿಂದ ಪಡೆದವರು ಸುಮಾರು ಶೇ 18. ಬಡ ಹೆಂಗಸರೆಲ್ಲ ಇಂಥ ಸಾಲಕ್ಕೆ ಬಾಯಿ ಬಿಟ್ಟು ಕಾಯುತ್ತಿದ್ದಾರೆ ಎಂಬ ನಂಬಿಕೆ ಅಲ್ಲೇ ಅಲುಗಾಡಿತು. ಮನೆಗೆ ಬಾಳಿಕೆಯ ಸಾಮಾನು ಬಂದಿತ್ತು. ಎಲೆಯಡಿಕೆ, ತಂಬಾಕು, ಚಹಾದಂಥ ಖರ್ಚು ತಗ್ಗಿತ್ತು. ಮೊದಲೇ ಚೆನ್ನಾಗಿ ನಡೆಯುತ್ತಿದ್ದ ಕೆಲವು ವ್ಯಾಪಾರಗಳಿಗೆ ಲಾಭ ಹೆಚ್ಚಿತ್ತು. ಒಟ್ಟು ಮನೆಖರ್ಚಿನಲ್ಲಿ, ಮಕ್ಕಳ ಓದಿನಲ್ಲಿ, ಆರೋಗ್ಯದಲ್ಲಿ, ಮನೆಯೊಳಗೆ ಹೆಣ್ಣಿನ ಮಾತಿಗಿರುವ ಬೆಲೆಯಲ್ಲಿ ಎದ್ದು ಕಾಣುವ ಬದಲಾವಣೆ ಇರಲಿಲ್ಲ.

2015ರಲ್ಲಿ ಈ ಹೈದರಾಬಾದ್ ಅಧ್ಯಯನ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರೊಕ್ಕೊಗಳ ಅಧ್ಯಯನಗಳ ಜೊತೆ ಪ್ರಕಟವಾಯಿತು. ಆರು ದೇಶಗಳದ್ದೂ ಹೆಚ್ಚುಕಡಿಮೆ ಒಂದೇ ಉತ್ತರ: ಅಲ್ಪಸ್ವಲ್ಪ ಅನುಕೂಲವಿದೆ, ಬದುಕು ಬದಲಾಗುವಂಥದ್ದೇನೂ ಇಲ್ಲ. ಇದಕ್ಕೆ ಮೊದಲು ಹತ್ತು ವರ್ಷಕ್ಕೂ ಮಿಕ್ಕಿ ಜಗತ್ತು ನೆಚ್ಚಿಕೊಂಡಿದ್ದು ಬಾಂಗ್ಲಾದೇಶದ ಒಂದು ಅಂಕಿಯನ್ನು. ಹೆಂಗಸರಿಗೆ ಕೊಟ್ಟ ಪ್ರತಿ 100 ಟಾಕಾ ಸಾಲಕ್ಕೆ ಮನೆಯ ವಾರ್ಷಿಕ ಖರ್ಚು 18 ಟಾಕಾ ಏರುತ್ತದೆ ಎಂದು ಸಂಶೋಧಕರಾದ ಪಿಟ್ ಮತ್ತು ಖಂಡ್ಕರ್ 1998ರಲ್ಲಿ ಬರೆದಿದ್ದರು. ಡೇವಿಡ್ ರೂಡ್‌ಮನ್ ಮತ್ತು ಜೊನಾಥನ್ ಮೊರ್ಡಕ್ ಅದೇ ದತ್ತಾಂಶವನ್ನು ಮತ್ತೆ ತಿರುವಿ ನೋಡಿ, ಆ ತೀರ್ಮಾನಕ್ಕೆ ಗಟ್ಟಿ ಆಧಾರವಿಲ್ಲ ಎಂದರು. ಪಿಟ್ ಮತ್ತು ಖಂಡ್ಕರ್ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು. ಬಲ್ಲವರ ನಡುವೆ ಇಷ್ಟು ತಕರಾರಿರುವ ವಿಷಯದಲ್ಲಿ, ಜಗಲಿಯ ಮೇಲೆ ಮೂರು ಆಯ್ಕೆ ಕೊಟ್ಟು ಕೇಳಿದ ಪ್ರಶ್ನೆಯಿಂದ 'ಬಡತನ ನಿವಾರಣೆ' ಎಂದು ಬರೆಯುವುದಕ್ಕೆ ಎಷ್ಟು ಭಂಡ ಧೈರ್ಯ ಬೇಕು!

ಮೈಕ್ರೋಫೈನಾನ್ಸೇ ಬೇಡ ಎಂದು ನಾನು ಹೇಳುತ್ತಿಲ್ಲ. ಸಾಲ ಒಮ್ಮೆಲೇ ನಿಂತಾಗ ಏನಾಗುತ್ತದೆ ಎಂಬುದನ್ನೂ ಸಂಶೋಧಕರು ಅಳೆದಿದ್ದಾರೆ. 2010ರ ಆಂಧ್ರ ಬಿಕ್ಕಟ್ಟಿನಲ್ಲಿ ಹಣ ಸಿಕ್ಕಿಹಾಕಿಕೊಂಡ ಸಂಸ್ಥೆಗಳು ಬೇರೆ ರಾಜ್ಯಗಳಲ್ಲೂ ಸಾಲ ಕೊಡುವುದನ್ನು ಬಿಗಿ ಮಾಡಿದವು. ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂಥ ಜಿಲ್ಲೆಗಳಲ್ಲಿ ಕೂಲಿ ದರ ಇಳಿಯಿತು, ಮನೆಖರ್ಚು ತಗ್ಗಿತು. ಸಂಘದ ಮುಖವನ್ನೇ ನೋಡದ ಕೂಲಿಯಾಳಿಗೂ ಪೆಟ್ಟು ಬಿತ್ತು. ಅಂದರೆ ಸಾಲದ ಒಳಿತೂ ಕೆಡುಕೂ ಸಾಲಗಾರ್ತಿಯ ಹೊಸ್ತಿಲಲ್ಲೇ ನಿಲ್ಲುವುದಿಲ್ಲ. ಸದಸ್ಯರನ್ನಷ್ಟೇ ಕೇಳುವ ನಿಮ್ಮ ಸಮೀಕ್ಷೆಗೆ ಈ ಹಾನಿ ಕಾಣುತ್ತಿರಲಿಲ್ಲ, ಈ ಉಪಕಾರವೂ ಕಾಣುತ್ತಿರಲಿಲ್ಲ. ಪ್ರಾಮಾಣಿಕವಾಗಿ ನಡೆಯುವ ಸಂಸ್ಥೆಗಳಿಗೆ ಇದರಿಂದ ಆದ ನಷ್ಟ ದೊಡ್ಡದು. ತಮ್ಮಿಂದ ನಿಜವಾಗಿ ಏನು ಒಳ್ಳೆಯದಾಯಿತು ಎಂದು ಎದೆ ತಟ್ಟಿ ಹೇಳಲು ಅವರ ಕೈಯಲ್ಲಿ ಗಟ್ಟಿ ಪುರಾವೆಯೇ ಇಲ್ಲ. ಸುಳ್ಳು ವರದಿಗಳ ರಾಶಿಯಲ್ಲಿ ಅವರ ನಿಜವೂ ಹೂತುಹೋಗಿದೆ.

ಇನ್ನು ಮಹಿಳಾ ಸಬಲೀಕರಣದ ಅಧ್ಯಾಯ. ಸಾಲ ಹೆಣ್ಣಿನ ಹೆಸರಿನಲ್ಲಿದೆ, ಸಹಿ ಅವಳದು, ಆದ್ದರಿಂದ ಸಬಲೀಕರಣ ಆಗಿದೆ ಎಂದು ಅಲ್ಲಿಗೆ ಕೈ ತೊಳೆದುಕೊಳ್ಳುತ್ತೀರಿ. ಆನ್ ಮೇರಿ ಗೊಯೆಟ್ಜ್ ಮತ್ತು ರೀನಾ ಸೇನ್ ಗುಪ್ತಾ 1996ರಲ್ಲೇ ಬಾಂಗ್ಲಾದೇಶದಲ್ಲಿ ಪ್ರತಿ ಸಾಲದ ಜಾಡು ಹಿಡಿದು ಹೋಗಿ ನೋಡಿದ್ದರು. ಹಣ ಹೇಗೆ ಖರ್ಚಾಯಿತು ಎಂಬುದರ ಮೇಲೆ ಪೂರ್ತಿ ಅಥವಾ ಗಣನೀಯ ಹಿಡಿತವಿದ್ದದ್ದು ಸುಮಾರು ಶೇ 37 ಹೆಂಗಸರಿಗೆ. ಉಳಿದವರಲ್ಲಿ ಹಲವರ ಪಾಲಿಗೆ ಹಣ ಗಂಡಸರ ಕೈಗೆ, ತೀರಿಸುವ ಹೊಣೆ ಅವಳ ತಲೆಗೆ. ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ಭಿನ್ನವಾಗಿದೆಯೇ ಎಂದು ತಿಳಿಯುವುದು ಕಷ್ಟವೇನಲ್ಲ. ಹಣ ಬಂದ ದಿನ ಅದು ಯಾರ ಜೇಬಿಗೆ ಹೋಯಿತು? ಹಸು ತರಲು ಸಂತೆಗೆ ಹೋದವರು ಯಾರು, ಬೆಲೆ ಕುದುರಿಸಿದವರು ಯಾರು? ಡೇರಿಯ ಬಟವಾಡೆ ಯಾರ ಖಾತೆಗೆ ಬೀಳುತ್ತದೆ? ಕಂತಿನ ಹಿಂದಿನ ರಾತ್ರಿ ಹಣ ಸಾಲದಿದ್ದರೆ ಯಾರು ಯಾರ ಮನೆಯ ಬಾಗಿಲಿಗೆ ಹೋಗುತ್ತಾರೆ? ಈ ನಾಲ್ಕು ಪ್ರಶ್ನೆಗೆ ಅರ್ಧ ಗಂಟೆ ಸಾಕು. 'ಮನೆಯ ನಿರ್ಧಾರಗಳಲ್ಲಿ ನೀವು ಭಾಗವಹಿಸುತ್ತೀರಾ' ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿಸಿಕೊಳ್ಳುವುದಕ್ಕೆ ಅರ್ಧ ನಿಮಿಷ ಸಾಕು. ನೀವು ಅರ್ಧ ನಿಮಿಷವನ್ನೇ ಆರಿಸಿಕೊಳ್ಳುತ್ತ ಬಂದಿದ್ದೀರಿ.

ಆದಾಯದ ಅಂಕಿಯ ಕಥೆ ಇನ್ನೂ ಗಂಭೀರ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ವಾರ್ಷಿಕ ಆದಾಯ ₹3 ಲಕ್ಷದವರೆಗಿನ ಮನೆಗೆ ಅಡಮಾನವಿಲ್ಲದೆ ಕೊಡುವುದು ಮೈಕ್ರೋಫೈನಾನ್ಸ್ ಸಾಲ. ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಒಳ್ಳೆಯ ನಿಯಮ. ಅದರ ಬಲವೆಲ್ಲ ನಿಂತಿರುವುದು ಆದಾಯದ ಕಾಲಂನಲ್ಲಿ ಬರೆಯುವ ಒಂದು ಅಂಕಿಯ ಮೇಲೆ. ಅದನ್ನು ಬರೆಯುವವನು ಸಾಲ ವಿತರಣೆಯ ಗುರಿ ಮುಟ್ಟಬೇಕಾದ ಸಿಬ್ಬಂದಿ. ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗಂಡನದು ಗಾರೆ ಕೆಲಸ, ಹೆಂಡತಿಗೆ ಒಂದು ಹಸು ಮತ್ತು ಹೊಲದ ಕೂಲಿ. ಫೈಲಿನಲ್ಲಿ ತಿಂಗಳ ಆದಾಯ ₹24,000 ಎಂದು ಬರೆದರೆ ವರ್ಷಕ್ಕೆ ₹2,88,000 ಆಗುತ್ತದೆ, ಮಿತಿಯೊಳಗೆ. ಅರ್ಧ ಅಂದರೆ ₹12,000. ಮೂರು ಸಂಸ್ಥೆಗಳ ಕಂತು ಸೇರಿ ₹11,400. ಕಾಗದದ ಮೇಲೆ ಎಲ್ಲ ಸರಿ. ಮಳೆ ಹಿಡಿದಾಗ ಗಾರೆ ಕೆಲಸ ನಿಲ್ಲುತ್ತದೆ, ಹಸು ಗಬ್ಬವಾಗಿ ಹಾಲು ಬತ್ತಿಸುತ್ತದೆ, ಕಳೆ ಕೀಳುವ ಕೆಲಸ ವಾರಕ್ಕೆ ಮೂರು ದಿನ ಸಿಕ್ಕರೆ ಹೆಚ್ಚು. ಆ ತಿಂಗಳು ಕೈಗೆ ಬರುವುದು ₹13,000. ಕಂತು ಮಾತ್ರ ಅದೇ ₹11,400. ಉಳಿದ ₹1,600ರಲ್ಲಿ ಆ ಮನೆ ತಿಂಗಳು ದೂಡಬೇಕು. ಸರಾಸರಿಯಲ್ಲಿ ಸುಖವಾಗಿರುವ ಆ ಮನೆ ಆಷಾಢದಲ್ಲಿ ಮುಳುಗುತ್ತದೆ.

ಆಗ ಅವರು ಹೋಗುವುದು ಕೈಸಾಲಕ್ಕೆ, ಗಿರವಿ ಅಂಗಡಿಗೆ, ಚೀಟಿಗೆ, ಕೊನೆಗೆ ಮೀಟರ್ ಬಡ್ಡಿಯವನ ಹತ್ತಿರಕ್ಕೆ. ಸಾಲಗಳ ದಾಖಲೆ ಇಡುವ ಕ್ರೆಡಿಟ್ ಬ್ಯೂರೊದ ಕಣ್ಣಿಗೆ ಇವು ಬೀಳುವುದಿಲ್ಲ. ಊರು ಬಿಡುವ ರಾತ್ರಿಯ ಬೀಜ ಇಲ್ಲಿದೆ. ಇದನ್ನು ಹಿಡಿಯಬೇಕಾದ ಮೌಲ್ಯಮಾಪಕರು ಮಾಡುವುದೇನು? ಅದೇ ಫೈಲಿನಿಂದ ಅದೇ ₹24,000ವನ್ನು ಎತ್ತಿಕೊಂಡು 'ಆರಂಭದ ಆದಾಯ' ಎಂದು ಕೋಷ್ಟಕಕ್ಕೆ ತುಂಬುತ್ತಾರೆ. ಸಾಲ ಮಂಜೂರಾಗಲೆಂದು ಬರೆದ ಅಂಕಿಯನ್ನು ಪುರಾವೆಯಾಗಿ ಬಳಸುವುದು ಆರೋಪಿಯ ಹೇಳಿಕೆಯನ್ನೇ ತೀರ್ಪಾಗಿ ಓದಿದಂತೆ.

ಹಾಗಾದರೆ ಹೇಗೆ ಮಾಡಬೇಕು? ಮೊದಲನೆಯದಾಗಿ, ಹೆಸರುಗಳನ್ನು ಮೂರು ವರ್ಷದ ಹಿಂದಿನ ಸದಸ್ಯರ ಪಟ್ಟಿಯಿಂದ ಎತ್ತಿ. ಬಿಟ್ಟವರನ್ನು, ಊರು ಬದಲಿಸಿದವರನ್ನು, ಕಂತು ನಿಲ್ಲಿಸಿದವರನ್ನು ಹುಡುಕಿಕೊಂಡು ಹೋಗಿ. ಅದಕ್ಕೆ ಖರ್ಚಾಗುತ್ತದೆ. ಬಜೆಟ್ಟಿನ ದೊಡ್ಡ ಪಾಲು ಅದಕ್ಕೇ ಮೀಸಲಿಡಿ, ಮಾದರಿಯ ಗಾತ್ರ ಕಡಿಮೆಯಾದರೂ ಚಿಂತೆಯಿಲ್ಲ. ಸಿಕ್ಕುವ ಸಾವಿರ ಜನಕ್ಕಿಂತ ಸಿಗದ ನೂರು ಜನ ಹೆಚ್ಚು ಹೇಳುತ್ತಾರೆ.

ಎರಡನೆಯದಾಗಿ, ಹೋಲಿಕೆಯ ಗುಂಪನ್ನು ಶಾಖೆ ತೆರೆಯುವ ಮೊದಲೇ ಗೊತ್ತು ಮಾಡಿ. ಯಾವ ಸಂಸ್ಥೆಯೂ ಎಲ್ಲ ತಾಲ್ಲೂಕಿಗೂ ಒಂದೇ ದಿನ ಕಾಲಿಡುವುದಿಲ್ಲ. ಮುಂದಿನ ಎರಡು ವರ್ಷದಲ್ಲಿ ಹೋಗಲಿರುವ ಊರುಗಳ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿದರೆ ಕಾಯುವ ಊರುಗಳೇ ಹೋಲಿಕೆಗೆ ಸಿಗುತ್ತವೆ. ಅದು ಸಾಧ್ಯವಿಲ್ಲದ ಸಣ್ಣ ಸಂಸ್ಥೆ 'ಪರಿಣಾಮ' ಎಂಬ ಮಾತನ್ನೇ ಬಳಸದಿರಲಿ. ಸದಸ್ಯರ ಸ್ಥಿತಿಗತಿ ಹೀಗಿದೆ ಎಂದಷ್ಟೇ ನೇರವಾಗಿ ಬರೆಯಲಿ. ಅಷ್ಟು ಪ್ರಾಮಾಣಿಕತೆಗೆ ಯಾವ ಖರ್ಚೂ ಇಲ್ಲ.

ಮೂರನೆಯದಾಗಿ, ಕೇಳುವವರು ಶಾಖೆಯ ನೆರಳಿನಿಂದ ಹೊರಗಿರಲಿ. ಮೀಟಿಂಗಿನ ದಿನ ಬೇಡ, ಜಗಲಿ ಬೇಡ. ಮನೆಯಲ್ಲಿ, ಆಕೆಗೆ ಬಿಡುವಿರುವ ಹೊತ್ತಿನಲ್ಲಿ, ಅದೇ ಭಾಗದ ಕನ್ನಡ ಬಲ್ಲ, ಸಾಧ್ಯವಾದರೆ ಹೆಣ್ಣುಮಗಳೇ ಕೇಳಲಿ. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಕೇಳಿದರೆ ಸಾಲದು, ಕೈ ಖಾಲಿಯಿರುವ ತಿಂಗಳಲ್ಲೂ ಹೋಗಬೇಕು. ಒಟ್ಟು ಆದಾಯ ಎಷ್ಟು ಎಂದು ಒಂದೇ ಪ್ರಶ್ನೆ ಕೇಳಬೇಡಿ. ಕಳೆದ ತಿಂಗಳ ಪ್ರತಿ ಕಂತಿನ ಹಣ ಎಲ್ಲಿಂದ ಬಂತು ಎಂದು ಒಂದೊಂದಾಗಿ ಕೇಳಿ. ಎಲ್ಲ ಬಗೆಯ ಸಾಲವನ್ನೂ ಬರೆದುಕೊಳ್ಳಿ. ಊಟ ಬಿಟ್ಟದ್ದು, ಒಡವೆ ಹೋದದ್ದು, ದನ ಮಾರಿದ್ದು, ಮಗಳ ಕಾಲೇಜು ನಿಂತದ್ದು, ಮನೆಯ ಮುಂದೆ ನಿಂತು ಕೂಗಾಡಿದ್ದು, ಇವಕ್ಕೆಲ್ಲ ಕಾಲಂ ಇರಲಿ.

ನಾಲ್ಕನೆಯದಾಗಿ, ಯಾವ ಉತ್ತರ ಬಂದರೆ ಸಂಸ್ಥೆ ಏನು ಬದಲಿಸುತ್ತದೆ ಎಂಬುದನ್ನು ಸಮೀಕ್ಷೆಗೆ ಮುಂಚೆಯೇ ಬರೆದಿಡಿ, ಫಲಿತಾಂಶ ಹೇಗಿದ್ದರೂ ಪ್ರಕಟಿಸುತ್ತೇವೆಂದು ಒಪ್ಪಂದದಲ್ಲೇ ಸೇರಿಸಿ. ಮೌಲ್ಯಮಾಪನ ಇರುವುದು ಬದಲಾವಣೆಗೆ. ಕೋಲ್ಕತ್ತದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಜೊತೆಗಾರರು ಒಂದು ಸಣ್ಣ ಬದಲಾವಣೆಯನ್ನು ಪರೀಕ್ಷಿಸಿದರು. ಸಾಲ ಕೊಟ್ಟ ಎರಡು ವಾರಕ್ಕೇ ಶುರುವಾಗುತ್ತಿದ್ದ ಕಂತನ್ನು ಕೆಲವರಿಗೆ ಎರಡು ತಿಂಗಳ ಬಳಿಕ ಶುರುವಾಗುವಂತೆ ಮುಂದೂಡಿದರು. ಆ ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಹಣ ಹಾಕಿದರು, ಸುಮಾರು ಮೂರು ವರ್ಷದ ಬಳಿಕ ಅವರ ಲಾಭವೂ ಹೆಚ್ಚಿತ್ತು. ಸಾಲ ತೀರಿಸದೆ ಉಳಿದವರೂ ಹೆಚ್ಚಿದ್ದರು. 2013ರಲ್ಲಿ ಎರಡನ್ನೂ ಮುಚ್ಚಿಡದೆ ಬರೆದರು. ಬಡವಳಿಗೆ ಉಸಿರಾಡಲು ಸಮಯ ಕೊಟ್ಟರೆ ಸಂಸ್ಥೆಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬ ಲೆಕ್ಕ ಈಗ ಎಲ್ಲರ ಮುಂದಿದೆ. ನಿಮ್ಮ ವರದಿಗಳಲ್ಲಿ ಒಂದಾದರೂ ಕಂತಿನ ದಿನಾಂಕವನ್ನು ಬದಲಿಸಿದ್ದುಂಟೇ?

ಹಣ ಹೂಡುವವರಿಗೂ ಒಂದು ಮಾತು. ಒಳ್ಳೆಯ ಸುದ್ದಿಯನ್ನೇ ಬಯಸಿ ಹಣ ಕೊಟ್ಟರೆ ಒಳ್ಳೆಯ ಸುದ್ದಿಯೇ ಸಿಗುತ್ತದೆ. ಮೌಲ್ಯಮಾಪಕರನ್ನು ಸಂಸ್ಥೆಯೇ ನೇಮಿಸಿ, ಸಂಸ್ಥೆಯೇ ಸಂಬಳ ಕೊಟ್ಟು, ಸಂಸ್ಥೆಯೇ ಕರಡು ತಿದ್ದುವ ವ್ಯವಸ್ಥೆಯನ್ನು ಒಪ್ಪಿಕೊಂಡಿರುವವರು ನೀವು. ಹೂಡಿಕೆಯ ಅಪಾಯ ಅಳೆಯುವಾಗ ಮೂರು ಸುತ್ತು ತಪಾಸಣೆ ಮಾಡುವ ನೀವು ಬಡವರ ಬದುಕಿನ ಅಪಾಯ ಅಳೆಯುವಾಗ ಫೋಟೋಗಳಿಗೆ ತೃಪ್ತರಾಗುತ್ತೀರಿ. ವಿಶ್ವವಿದ್ಯಾಲಯಗಳ ಮೇಷ್ಟ್ರುಗಳೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಇಂಥ ಸಮೀಕ್ಷೆಗೆ ನಿಮ್ಮ ಹೆಸರು ಮುದ್ರೆಯಾಗಿ ಬಿದ್ದಾಗ ಅದರ ಪಟ್ಟಿ ಎಲ್ಲಿಂದ ಬಂತೆಂದು ಕೇಳುವ ಹೊಣೆ ನಿಮ್ಮದು. ಸರ್ಕಾರದ ಇಲಾಖೆಗಳದ್ದೂ ಇದೇ ಹಾದಿ. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಶುರುಮಾಡಿದಾಗ ಗಮನ ಸಂಘದ ಗಟ್ಟಿತನದ ಮೇಲಿತ್ತು. ಇಂದು ಎಷ್ಟು ಸಂಘ, ಎಷ್ಟು ಕೋಟಿ ಎಂಬ ಲೆಕ್ಕಕ್ಕೇ ಪ್ರಗತಿ ಪರಿಶೀಲನಾ ಸಭೆ ಮುಗಿದುಹೋಗುತ್ತದೆ.

ಬಲವಂತದ ವಸೂಲಿ ತಡೆಯುವ ಕಾನೂನು ಬಂದಿದೆಯಲ್ಲ ಎಂದು ಯಾರೂ ಸುಮ್ಮನೆ ಕೂರುವುದು ಬೇಡ. ಬಾಗಿಲಿಗೆ ಬಂದು ಕೂಗುವವನನ್ನು ಕಾನೂನು ಹಿಡಿಯಬಹುದು. ಆ ಮನೆಗೆ ತಾಳಲಾರದಷ್ಟು ಸಾಲ ಹೇಗೆ ಸೇರಿತು ಎಂಬುದು ಪೊಲೀಸರ ಕೈಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಅದನ್ನು ವರ್ಷ ಮೊದಲೇ ಹೇಳಬಲ್ಲದ್ದು ನೆಟ್ಟಗೆ ಮಾಡಿದ ಮೌಲ್ಯಮಾಪನ ಒಂದೇ. ಅದಕ್ಕಾಗಿಯೇ ಈ ಕೋಪ. ತಿಳಿಯದೆ ಆದ ಅನಾಹುತಕ್ಕೆ ಕ್ಷಮೆಯಿದೆ. ತಿಳಿಯುವ ಸಾಧನ ಕೈಯಲ್ಲಿದ್ದೂ ಕಣ್ಣು ಮುಚ್ಚಿಕೊಂಡದ್ದಕ್ಕೆ ಇಲ್ಲ.

ಹಣ ಹೂಡುವವರೇ, ಮುಂದಿನ ವರದಿ ನಿಮ್ಮ ಮೇಜಿಗೆ ಬಂದಾಗ ಮೊದಲು ಒಂದೇ ವಿಷಯ ಹುಡುಕಿ: ಮೂರು ವರ್ಷದ ಹಿಂದೆ ಸೇರಿದವರಲ್ಲಿ ಎಷ್ಟು ಮಂದಿ ಹೋದರು, ಏಕೆ ಹೋದರು, ಈಗ ಹೇಗಿದ್ದಾರೆ. ಆ ಪುಟ ಇಲ್ಲದಿದ್ದರೆ ವರದಿಯನ್ನು ಹಿಂದಕ್ಕೆ ಕಳಿಸಿ, ಹಣದ ಮುಂದಿನ ಕಂತನ್ನೂ ತಡೆಹಿಡಿಯಿರಿ. ಸಂಸ್ಥೆಗಳೇ, ಬಡವಳು ಒಂದು ಕಂತು ತಪ್ಪಿಸಿದರೆ ಅದೇ ಸಂಜೆ ಅವಳ ಮನೆ ಬಾಗಿಲಿಗೆ ಹೋಗುವ ವ್ಯವಸ್ಥೆ ನಿಮ್ಮಲ್ಲಿದೆ. ಅವಳ ನಿಜ ಸ್ಥಿತಿ ಕೇಳಲಿಕ್ಕೂ ಅದೇ ಬಾಗಿಲಿಗೆ ಹೋಗಬಲ್ಲಿರಿ. ದಾರಿ ಗೊತ್ತಿಲ್ಲ ಎಂದು ಮಾತ್ರ ಹೇಳಬೇಡಿ.